ಗ್ಯಾಸ್ ಪೈಪ್‌ಲೈನ್ ಒಳಗೆ 6 ಗಂಟೆ ಜಾಗದಲ್ಲಿ ಗುಳಿಗಳು: ಇದು ಬ್ಯಾಕ್ಟೀರಿಯಾ ಕೆಲಸವೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ರಿಸೀವರ್_ಬಾಗಿಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೊದಲು ಲೈನಿನ ವಿವರ ಕೊಡುತ್ತೇನೆ. 18 ಇಂಚಿನ ಉಕ್ಕಿನ ಪೈಪು, ಎಕ್ಸ್60 ದರ್ಜೆ, ಗೋಡೆ ದಪ್ಪ 7.1 ಮಿ.ಮೀ., ಉದ್ದ 32 ಕಿ.ಮೀ. ಒತ್ತಡ 50 ಬಾರ್ ಆಸುಪಾಸು. ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 1, ಹೈಡ್ರೋಜನ್ ಸಲ್ಫೈಡ್ 4 ಪಿಪಿಎಂ ಒಳಗೆ. ಲೈನಿನ ಆರಂಭದಲ್ಲಿ ಗ್ಲೈಕಾಲ್ ಡಿಹೈಡ್ರೇಷನ್ ಘಟಕವಿದೆ (ಗ್ಯಾಸಿನ ತೇವ ತೆಗೆಯುವ ಘಟಕ), ಹಾಗಾಗಿ ಕಾಗದದ ಮೇಲೆ ಇದು ಡ್ರೈ ಗ್ಯಾಸ್ ಲೈನು. ಮೊದಲು ಗ್ಯಾಸಿನ ವೇಗ ಸೆಕೆಂಡಿಗೆ 3 ಮೀಟರ್ ಇತ್ತು, 3 ವರ್ಷದಿಂದ ಅರ್ಧಕ್ಕೆ ಇಳಿದಿದೆ.

ಕಾಂತೀಯ ತಪಾಸಣಾ ಪಿಗ್ (ಪೈಪಿನೊಳಗೆ ಓಡಿ ಗೋಡೆಯ ಸವೆತ ಅಳೆಯುವ ಸಾಧನ) 5 ವರ್ಷದ ಅಂತರದಲ್ಲಿ ಎರಡು ಸಲ ಓಡಿದೆ, ಎರಡನೆಯದು 2 ವರ್ಷದ ಹಿಂದೆ. 9ರಿಂದ 11ನೇ ಕಿ.ಮೀ. ನಡುವೆ 5ರಿಂದ 7 ಗಂಟೆ ಜಾಗದಲ್ಲಿ (ಪೈಪಿನ ದುಂಡು ಬಾಯಿಯನ್ನು ಗಡಿಯಾರ ಅಂದುಕೊಂಡರೆ 6 ಅಂದರೆ ತಳ, 12 ಅಂದರೆ ನೆತ್ತಿ) ಒಳಗಿನ ಗುಳಿಗಳು. ಅತಿ ಆಳದ್ದು ಗೋಡೆಯ ಶೇ 18ರಿಂದ ಶೇ 31ಕ್ಕೆ ಹೋಗಿದೆ. ಮೊನ್ನೆ ಕ್ಲೀನಿಂಗ್ ಪಿಗ್ ಓಡಿಸಿದಾಗ ರಿಸೀವರಿನಲ್ಲಿ (ಲೈನಿನ ಕೊನೆಯಲ್ಲಿ ಪಿಗ್ ಹೊರತೆಗೆಯುವ ಕೋಣೆ) 14 ಕೆ.ಜಿ. ಕಪ್ಪು ರಾಡಿ ಸಿಕ್ಕಿತು, ಕೊಳೆತ ಮೊಟ್ಟೆಯ ವಾಸನೆ. ಲ್ಯಾಬಿನವರು ಬಾಟಲ್ ಪರೀಕ್ಷೆ (ಬ್ಯಾಕ್ಟೀರಿಯಾ ಬೆಳೆದರೆ ಬಾಟಲಿ ಕಪ್ಪಾಗುತ್ತದೆ) ಮಾಡಿ ಸಲ್ಫೇಟ್ ಇಳಿಸುವ (ಸಲ್ಫೇಟನ್ನು ಸಲ್ಫೈಡ್ ಮಾಡುವ) ಬ್ಯಾಕ್ಟೀರಿಯಾ ಮಿ.ಲೀ.ಗೆ ಒಂದು ಲಕ್ಷ ಅಂತ ಬರೆದುಕೊಟ್ಟಿದ್ದಾರೆ. ರಾಸಾಯನಿಕ ಸರಬರಾಜು ಮಾಡುವವರು ತಿಂಗಳಿಗೊಮ್ಮೆ 500 ಪಿಪಿಎಂ ಗ್ಲುಟರಾಲ್ಡಿಹೈಡ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಓಡಿಸಿ, ಸಮಸ್ಯೆ ಮುಗಿಯುತ್ತದೆ ಅನ್ನುತ್ತಿದ್ದಾರೆ.

ನನ್ನ ಪ್ರಶ್ನೆಗಳು: ಇದು ನಿಜಕ್ಕೂ ಸೂಕ್ಷ್ಮಜೀವಿಯ ಕೊರೆತವೇ? ಸ್ಯಾಂಪಲ್ ಸರಿಯಾಗಿ ತೆಗೆಯುವುದು ಹೇಗೆ? ಆ ಔಷಧಿ ಕೆಲಸ ಮಾಡುತ್ತದೆಯೇ? ವರ್ಷಕ್ಕೆ 0.18 ಮಿ.ಮೀ. ಅಂತ ಲೆಕ್ಕ ಹಿಡಿದು ಉಳಿದ ಆಯುಷ್ಯ ಹೇಳಬಹುದೇ?

---

ಲೋಹದಕಣ್ಣು:

ಬಾಟಲ್ ಕಪ್ಪಾಗಿದ್ದು ಸಾಕ್ಷಿಯಲ್ಲ. 32 ಕಿ.ಮೀ. ಗುಡಿಸಿಕೊಂಡು ಬಂದ ರಾಡಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು ಅಂದರೆ ಲೈನಿನಲ್ಲಿ ಎಲ್ಲೋ ಬ್ಯಾಕ್ಟೀರಿಯಾ ಇದೆ ಅಂತ ಮಾತ್ರ ಅರ್ಥ. 9ರಿಂದ 11ನೇ ಕಿ.ಮೀ. ನಡುವಿನ ಆ ಅತಿ ಆಳದ ಗುಳಿಯನ್ನು ಅದೇ ಕೊರೆದಿದೆ ಅಂತ ಅಲ್ಲ. ಸೂಕ್ಷ್ಮಜೀವಿಯ ಮೇಲೆ ದೂರು ಹೊರಿಸಬೇಕಾದರೆ ಒಂದೇ ಗುಳಿಯಿಂದ ಮೂರು ಬಗೆಯ ಸಾಕ್ಷಿ ಬರಬೇಕು: ಅಲ್ಲಿ ಯಾವ ಜೀವಿಗಳು ಎಷ್ಟಿವೆ; ಅಲ್ಲಿನ ದ್ರವ ಮತ್ತು ಮೇಲ್ಪದರದ ರಸಾಯನ; ಲೋಹ ಸವೆದ ರೀತಿ. ತುಕ್ಕು ತಡೆಯ ವೃತ್ತಿಪರರ ಸಂಸ್ಥೆ ಎಎಂಪಿಪಿಯ (ಹಿಂದಿನ ನೇಸ್) ಟಿಎಂ0212 ಪೈಪ್‌ಲೈನ್ ಒಳಮೈಗೆಂದೇ ಬರೆದ ಮಾನದಂಡ, ಅದೂ ಇದನ್ನೇ ಕೇಳುತ್ತದೆ.

ಆಕಾರದ ಬಗ್ಗೆ ಒಂದು ಎಚ್ಚರಿಕೆ. ಬಟ್ಟಲಿನಂಥ ಗುಳಿ, ಗುಳಿಯೊಳಗೆ ಸಣ್ಣ ಗುಳಿ, ತಳದಲ್ಲಿ ರೋಲಿಂಗ್ ದಿಕ್ಕಿಗೆ ಗೆರೆಗಳು, ಪಕ್ಕಕ್ಕೆ ಸುರಂಗ: ಇವೆಲ್ಲ ಬ್ಯಾಕ್ಟೀರಿಯಾದ ಹೆಜ್ಜೆಗುರುತು ಅಂತ ಹಳೆಯ ಕೈಪಿಡಿಗಳಲ್ಲಿದೆ. ಕಾರ್ಬನ್ ಡೈಆಕ್ಸೈಡ್ ಕೊರೆತವೂ, ಆಮ್ಲ ಕೊರೆತವೂ ಇಂಥದೇ ಗುಳಿ ಮಾಡುತ್ತವೆ. ಫೋಟೋ ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ.

ಸ್ಯಾಂಪಲ್ ವಿಷಯಕ್ಕೆ ಬರೋಣ. ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ರಿಸೀವರಿನಲ್ಲಿ: ಕಪ್ಪು ರಾಡಿಯಲ್ಲಿ ಐರನ್ ಸಲ್ಫೈಡ್ ಇರುತ್ತದೆ, ಒಣಗಿ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬಾಗಿಲು ತೆರೆಯುವ ಮೊದಲು ನೀರು ತುಂಬಿಸುವ ಪದ್ಧತಿ. ಈ ಪದ್ಧತಿಯನ್ನು ಸ್ಯಾಂಪಲ್ಲಿಗಾಗಿ ಮುರಿಯಬೇಡಿ. ಬದಲಿಗೆ, ತುಂಬಿಸಿದ ನೀರಿನದೂ ಒಂದು ಬಾಟಲಿ ಪ್ರತ್ಯೇಕವಾಗಿ ಲ್ಯಾಬಿಗೆ ಕಳಿಸಿ. ನಿಮ್ಮ ಒಂದು ಲಕ್ಷದಲ್ಲಿ ಆ ಟ್ಯಾಂಕ್ ನೀರಿನ ಪಾಲು ಎಷ್ಟು ಅಂತ ಆಗ ತಿಳಿಯುತ್ತದೆ. ಸ್ಯಾಂಪಲನ್ನು ರಾಶಿಯ ಒಳಗಿನಿಂದ, ಪಿಗ್ಗಿನ ಮುಂಭಾಗದಿಂದ, ಹೊಸ ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು ಜಾಡಿಯನ್ನು ಕಂಠದವರೆಗೆ ತುಂಬಿ ಮುಚ್ಚಿ. ಜಾಡಿಯಲ್ಲಿ ಗಾಳಿ ಉಳಿದರೆ ಕಪ್ಪು ಸಲ್ಫೈಡ್ ಕಂದು ಬಣ್ಣಕ್ಕೆ ತಿರುಗುತ್ತದೆ, ಲ್ಯಾಬಿನವರು ಅದನ್ನು ಬರೀ ತುಕ್ಕು ಅಂತ ಬರೆಯುತ್ತಾರೆ. ಜೇಬಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅಲಾರಂ 10 ಪಿಪಿಎಂಗೆ ಹೊಂದಿಸಿರಲಿ.

ಪೈಪು ಕತ್ತರಿಸುವಾಗ: ಗ್ಯಾಸ್ ಕಟಿಂಗ್ ಬೇಡ, ಕೋಲ್ಡ್ ಕಟರ್ ಬಳಸಿ. ಕಾದ ಕಡೆ ಜೀವಿಗಳೂ ಸಾಯುತ್ತವೆ, ಮೇಲ್ಪದರದ ಖನಿಜವೂ ಬದಲಾಗುತ್ತದೆ. ಒಳಮೈಗೆ ನೀರು ಬಿಡಬೇಡಿ, ವೈರ್ ಬ್ರಷ್ ಮುಟ್ಟಿಸಬೇಡಿ. ತೆರೆದ ಕೂಡಲೇ ನಾಲ್ಕು ಜಾಗದಿಂದ ಸ್ವಾಬ್ (ಹತ್ತಿಕಡ್ಡಿಯಲ್ಲಿ ಉಜ್ಜಿದ ಸ್ಯಾಂಪಲ್) ತೆಗೆಯಿರಿ: ಗುಳಿಯ ಒಳಗೆ, ಗುಳಿಯ ಪಕ್ಕ, ಅದೇ 6 ಗಂಟೆಯಲ್ಲಿ ಗುಳಿಯಿಲ್ಲದ ಕಡೆ, ಮತ್ತೆ 12 ಗಂಟೆಯಲ್ಲಿ. ಒಂದೇ ಅಳತೆಯ ರಂಧ್ರವಿರುವ ತಗಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಇಟ್ಟು, ಆ ರಂಧ್ರದೊಳಗೆ ಮಾತ್ರ ಉಜ್ಜಿದರೆ ಚ.ಸೆಂ.ಮೀ.ಗೆ ಎಷ್ಟು ಅಂತ ಹೋಲಿಸಬಹುದು. ಗುಳಿಯಲ್ಲೂ 12 ಗಂಟೆಯಲ್ಲೂ ಒಂದೇ ಸಂಖ್ಯೆ ಬಂದರೆ ಬ್ಯಾಕ್ಟೀರಿಯಾವನ್ನು ದೂರುವ ಆಧಾರವೇ ಹೋಯಿತು. ಈ ಹೋಲಿಕೆ ಇಲ್ಲದ ವರದಿಗೆ ಬೆಲೆ ಇಲ್ಲ ಅಂತಲೇ ನನ್ನ ಅಭಿಪ್ರಾಯ.

---

ತಗ್ಗುದಿಣ್ಣೆ:

ಬ್ಯಾಕ್ಟೀರಿಯಾ ಹೌದೋ ಅಲ್ಲವೋ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ನೀರು ಎಲ್ಲಿ ನಿಂತಿದೆ. ನೀರಿಲ್ಲದೆ ಕಾರ್ಬನ್ ಡೈಆಕ್ಸೈಡೂ ಕೊರೆಯದು, ಜೀವಿಯೂ ಬದುಕದು.

ಡ್ರೈ ಗ್ಯಾಸ್ ಲೈನಿನಲ್ಲಿ ನೀರು ಬರುವುದು ಗ್ಲೈಕಾಲ್ ಘಟಕ ಕೈಕೊಟ್ಟ ಗಂಟೆಗಳಲ್ಲಿ. ಅಮೆರಿಕದ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಘನ ಮೀಟರಿಗೆ 112 ಮಿ.ಗ್ರಾಂ. 50 ಬಾರ್, 40 ಡಿಗ್ರಿಯಲ್ಲಿ ಪೂರ್ತಿ ತೇವ ಕುಡಿದ ಗ್ಯಾಸಿನಲ್ಲಿ ಅದರ 10 ಪಟ್ಟಿಗೂ ಹೆಚ್ಚು ನೀರಿರುತ್ತದೆ. ಮಣ್ಣು 27 ಡಿಗ್ರಿ ಇದ್ದರೆ ಅದರಲ್ಲಿ ಸುಮಾರು ಅರ್ಧ ಪೈಪಿನೊಳಗೇ ಇಳಿಯುತ್ತದೆ. ನಿಮ್ಮ ಈಗಿನ ಹರಿವಿಗೆ ನಾನು ಹಾಕಿದ ಒರಟು ಲೆಕ್ಕ: ಘಟಕ ಒಂದು ಗಂಟೆ ಕೆಟ್ಟರೆ 25ರಿಂದ 30 ಕೆ.ಜಿ. ನೀರು.

ಆ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ನೇಸ್ ಎಸ್‌ಪಿ0206ರಲ್ಲಿ ಸೂತ್ರ ಇದೆ. ಗ್ಯಾಸಿನ ಸಾಂದ್ರತೆಯನ್ನು, ದ್ರವ ಮತ್ತು ಗ್ಯಾಸಿನ ಸಾಂದ್ರತೆಗಳ ವ್ಯತ್ಯಾಸದಿಂದ ಭಾಗಿಸಿ. ವೇಗದ ವರ್ಗವನ್ನು, ಒಳವ್ಯಾಸ ಮತ್ತು 9.81ರ ಗುಣಲಬ್ಧದಿಂದ ಭಾಗಿಸಿ. ಎರಡನ್ನೂ ಗುಣಿಸಿ, ಬಂದದ್ದಕ್ಕೆ 1.091ರ ಘಾತ ಹಾಕಿ, 0.675ರಿಂದ ಗುಣಿಸಿ. ಯಾವ ಕೋನದ ಸೈನ್ ಇಷ್ಟಾಗುತ್ತದೋ ಅದೇ ಕ್ರಿಟಿಕಲ್ ಕೋನ. ಪೈಪು ಅದಕ್ಕಿಂತ ಕಡಿದಾಗಿ ಏರುವ ಮೊದಲ ಜಾಗದ ಬುಡದಲ್ಲಿ ನೀರು ನಿಲ್ಲುತ್ತದೆ, ಏಕೆಂದರೆ ಅಷ್ಟು ಏರು ಹತ್ತಿಸುವ ಶಕ್ತಿ ಗ್ಯಾಸಿಗೆ ಇಲ್ಲ.

ನಿಮ್ಮ ಲೈನಿಗೆ: ಒಳವ್ಯಾಸ 0.443 ಮೀ., ಗ್ಯಾಸಿನ ಸಾಂದ್ರತೆ ಘನ ಮೀಟರಿಗೆ ಸುಮಾರು 38.6 ಕೆ.ಜಿ. ವೇಗ 3 ಮೀಟರ್ ಇದ್ದಾಗ ಕೋನ 2.6 ಡಿಗ್ರಿ. ವೇಗ 1.5ಕ್ಕೆ ಇಳಿದಾಗ 0.6 ಡಿಗ್ರಿಗಿಂತಲೂ ಕಡಿಮೆ. ಅಂದರೆ ಮೊದಲು ನೀರನ್ನು ದಾಟಿಸುತ್ತಿದ್ದ ಸಣ್ಣಪುಟ್ಟ ಏರುಗಳೆಲ್ಲ ಈಗ ಅಣೆಕಟ್ಟಾಗಿವೆ. ನಿಮ್ಮ ಲೈನಿನ ಎತ್ತರದ ನಕ್ಷೆ ಇದ್ದರೆ ಮೊದಲ 12 ಕಿ.ಮೀ.ನಲ್ಲಿ ಎಲ್ಲೆಲ್ಲಿ ಎಷ್ಟು ಏರು ಅಂತ ಹಾಕಿ.

ನೀರು ನಿಂತ ತಗ್ಗು ಏನು ಮಾಡಬಲ್ಲದು ಅನ್ನುವುದಕ್ಕೆ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಹತ್ತಿರದ ದುರಂತವನ್ನು ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಓದಲೇಬೇಕು. 2000ದ ಆಗಸ್ಟ್ 19ರ ಬೆಳಗಿನ ಜಾವ, ಪೆಕೋಸ್ ನದಿಯ ದಡದಲ್ಲಿ 1950ರಲ್ಲಿ ಹೂತಿದ್ದ 30 ಇಂಚಿನ ಗ್ಯಾಸ್ ಲೈನು ಸೀಳಿತು. ಸೇತುವೆಯ ಬಳಿ ಡೇರೆ ಹಾಕಿ ಮಲಗಿದ್ದ 12 ಮಂದಿ ತೀರಿಕೊಂಡರು. ಗೋಡೆ ಮೂಲದಲ್ಲಿ 8.5 ಮಿ.ಮೀ. ದಪ್ಪ, ಸೀಳಿದ ಕಡೆ ಶೇ 72ರಷ್ಟು ಹೋಗಿತ್ತು. ದ್ರವ ಹಿಡಿಯಲೆಂದು ಇಟ್ಟಿದ್ದ ಡ್ರಿಪ್ ಒಳಗೆ ಕಪ್ಪು ಪುಡಿ ತುಂಬಿಕೊಂಡಿತ್ತು, ಹಾಗಾಗಿ ದ್ರವ ಅದನ್ನು ದಾಟಿ ಮುಂದಿನ ಬೆಂಡಿನ ತಗ್ಗಿನಲ್ಲಿ ನಿಂತಿತ್ತು. ಆ ತುಂಡಿನಲ್ಲಿ ಪಿಗ್ ಓಡಿಸುವ ವ್ಯವಸ್ಥೆಯೇ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2003ರ ವರದಿಯಲ್ಲಿ ನೀರು, ಕ್ಲೋರೈಡ್, ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಜೊತೆಗೆ ಸೂಕ್ಷ್ಮಜೀವಿಗಳನ್ನೂ ಹೆಸರಿಸಿತು. ಯಾವುದೋ ಒಂದರ ತಲೆಗೆ ಕಟ್ಟಲಿಲ್ಲ. ಅದೇ ಸರಿಯಾದ ಓದು.

ನಮ್ಮ ಕಡೆ 2014ರ ಜೂನ್ 27ರಂದು ಆಂಧ್ರದ ನಗರಂ ಹಳ್ಳಿಯಲ್ಲಿ ಸೋರಿ ಹೊತ್ತಿದ್ದೂ 18 ಇಂಚಿನ ಲೈನೇ. ಒಣ ಗ್ಯಾಸಿಗೆಂದು ಹಾಕಿದ ಪೈಪಿನಲ್ಲಿ ನೀರೂ ಕಂಡೆನ್ಸೇಟೂ (ಗ್ಯಾಸಿನ ಜೊತೆ ಬರುವ ತೆಳು ಎಣ್ಣೆ) ಹರಿಯುತ್ತಿದ್ದವು. ಅಲ್ಲಿ ಬ್ಯಾಕ್ಟೀರಿಯಾದ ಪಾತ್ರದ ಬಗ್ಗೆ ನಾನು ಹೇಳುತ್ತಿಲ್ಲ, ನೀರಿನ ಬಗ್ಗೆ ಹೇಳುತ್ತಿದ್ದೇನೆ.

---

ರಿಸೀವರ್_ಬಾಗಿಲು:

ತುಂಬ ಉಪಯೋಗವಾಯಿತು ಸರ್. ನಕ್ಷೆ ನೋಡಿದೆ: 2.1ನೇ ಕಿ.ಮೀ.ನಲ್ಲಿ 0.8 ಡಿಗ್ರಿ ಏರು, 3.8ರಲ್ಲಿ 1.5 ಡಿಗ್ರಿ, ಆಮೇಲೆ 9.7ರಲ್ಲಿ ಕಾಲುವೆ ದಾಟಿ ಮೇಲೆ ಬರುವಲ್ಲಿ 4 ಡಿಗ್ರಿ, 10.8ರಲ್ಲಿ ಇನ್ನೊಂದು 3 ಡಿಗ್ರಿ.

ಇನ್ನೊಂದು ವಿಷಯ. ರಾಡಿಗೆ ನಾಲ್ಕು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಬುಸಬುಸ ನೊರೆ ಬಂತು, ಲೆಡ್ ಅಸಿಟೇಟ್ ಕಾಗದ (ಹೈಡ್ರೋಜನ್ ಸಲ್ಫೈಡ್ ತಾಗಿದರೆ ಕಪ್ಪಾಗುವಂಥದ್ದು) ಕಂದುಗಪ್ಪಾಯಿತು. ನೊರೆ ಬಂದರೆ ಕಾರ್ಬೊನೇಟ್, ಅಂದರೆ ಕಾರ್ಬನ್ ಡೈಆಕ್ಸೈಡ್ ಕೊರೆತ, ಬ್ಯಾಕ್ಟೀರಿಯಾ ಅಲ್ಲ ಅನ್ನುತ್ತಾರೆ ಇಲ್ಲಿಯ ಹಿರಿಯರು. ಸರಿಯೇ?

---

ತಗ್ಗುದಿಣ್ಣೆ:

ನಕ್ಷೆಯೇ ಉತ್ತರ ಹೇಳುತ್ತಿದೆ ನೋಡಿ. 3 ಮೀಟರ್ ವೇಗದ ಕಾಲದಲ್ಲಿ 0.8 ಮತ್ತು 1.5 ಡಿಗ್ರಿಯ ಏರುಗಳನ್ನು ನೀರು ದಾಟಿ, 9.7ರ 4 ಡಿಗ್ರಿಯ ಬುಡದಲ್ಲಿ ನಿಂತಿತು. ಅಲ್ಲಿ ತುಂಬಿ ಮೀರಿದ್ದು 10.8ಕ್ಕೆ ಹೋಯಿತು. ನಿಮ್ಮ ಗುಳಿಗಳು ಸರಿಯಾಗಿ ಅಲ್ಲೇ ಇವೆ. ವೇಗ ಅರ್ಧವಾದ ಮೇಲೆ ಬಂದ ನೀರು ಮಾತ್ರ 2.1ರಲ್ಲೇ ನಿಲ್ಲುತ್ತದೆ, ತುಂಬಿದರೆ 3.8. ತಪಾಸಣಾ ಪಿಗ್ ಕೊನೆಯ ಸಲ ಓಡಿದಾಗ ವೇಗ ಇಳಿದು ಒಂದೇ ವರ್ಷವಾಗಿತ್ತು, ಹಾಗಾಗಿ ಅಲ್ಲಿ ಏನೂ ಕಾಣದಿದ್ದರೆ ಸಹಜ. 9.7ರಲ್ಲಿ ಒಂದು ಗುಂಡಿ ತೋಡುವಾಗ 2.1ರಲ್ಲೂ ಒಂದು ತೋಡಿ. ಈಗ ನಡೆಯುತ್ತಿರುವ ಕೊರೆತ ಇದ್ದರೆ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

---

ಕಪ್ಪುಬಾಟಲ್:

ನೊರೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಈ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ.

ಸಲ್ಫೇಟ್ ಇಳಿಸುವ ಬ್ಯಾಕ್ಟೀರಿಯಾ ಎರಡು ರೀತಿಯಲ್ಲಿ ಕಬ್ಬಿಣ ತಿನ್ನಿಸುತ್ತವೆ. ಒಂದು, ಸಾವಯವ ಆಹಾರ ತಿಂದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಆ ಸಲ್ಫೈಡ್ ಕಬ್ಬಿಣವನ್ನು ಕೊರೆಯುತ್ತದೆ. ಎರಡು, ಕೆಲವು ಜಾತಿಗಳು ಆಹಾರದ ಬದಲು ಕಬ್ಬಿಣದಿಂದಲೇ ನೇರವಾಗಿ ಎಲೆಕ್ಟ್ರಾನ್ ಎಳೆದುಕೊಳ್ಳುತ್ತವೆ. 1934ರಲ್ಲಿ ನೆದರ್ಲೆಂಡ್ಸಿನ ಫೋನ್ ವೊಲ್ಜೋಗನ್ ಕ್ಯೂರ್ ಮತ್ತು ಫಾನ್ ಡೆರ್ ಫ್ಲುಕ್ಟ್ ಮೊದಲು ವಿವರಣೆ ಕೊಟ್ಟಾಗ ಬ್ಯಾಕ್ಟೀರಿಯಾ ಕಬ್ಬಿಣದ ಮೇಲಿನ ಹೈಡ್ರೋಜನ್ ಉಣ್ಣುತ್ತದೆ ಅಂದಿದ್ದರು. ನೇರವಾಗಿ ಎಳೆದುಕೊಳ್ಳುವ ಜಾತಿಗಳನ್ನು ಬೇರ್ಪಡಿಸಿ ತೋರಿಸಿದ್ದು 2004ರ ಜರ್ಮನ್ ಸಂಶೋಧನೆ.

ಎರಡನೆಯ ರೀತಿಯಲ್ಲಿ ಒಂದು ಸಲ್ಫೇಟ್ ಅಣು ಇಳಿಯಲು ನಾಲ್ಕು ಕಬ್ಬಿಣದ ಪರಮಾಣು ಬೇಕು. ನಾಲ್ಕರಲ್ಲಿ ಒಂದು ಸಲ್ಫೈಡ್ ಆಗುತ್ತದೆ, ಮೂರಕ್ಕೆ ಸಲ್ಫೈಡ್ ಸಿಗುವುದೇ ಇಲ್ಲ. ಅವು ಕಾರ್ಬೊನೇಟ್ ಜೊತೆ ಸೇರಿ ಸಿಡರೈಟ್ (ಐರನ್ ಕಾರ್ಬೊನೇಟ್) ಆಗುತ್ತವೆ. ಹಾಗಾಗಿ ಪಕ್ಕಾ ಬ್ಯಾಕ್ಟೀರಿಯಾ ಕೊರೆತದ ಮೇಲ್ಪದರದಲ್ಲೂ ಸಲ್ಫೈಡಿಗಿಂತ ಕಾರ್ಬೊನೇಟೇ ಹೆಚ್ಚಿರಬಹುದು, ಆಮ್ಲ ಹಾಕಿದರೆ ನೊರೆ ಬಂದೇ ಬರುತ್ತದೆ. ತಿರುವಿ ಹೇಳಿದರೆ, ಲೆಡ್ ಅಸಿಟೇಟ್ ಕಪ್ಪಾದದ್ದೂ ನಿಮ್ಮ ಗ್ಯಾಸಿನಲ್ಲೇ ಇರುವ 4 ಪಿಪಿಎಂ ಹೈಡ್ರೋಜನ್ ಸಲ್ಫೈಡಿನಿಂದ ಇರಬಹುದು. ಎರಡೂ ಪರೀಕ್ಷೆ ಮಾಡಿ, ಆದರೆ ಒಂದರಿಂದಲೂ ತೀರ್ಪು ಬರದು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಸಂಖ್ಯೆ ನನಗೆ ಎಲ್ಲಕ್ಕಿಂತ ಮುಖ್ಯ: ದ್ರವದಲ್ಲಿ ಸಲ್ಫೇಟ್ ಎಷ್ಟು? ಗ್ಯಾಸಿನಿಂದ ಇಳಿದ ನೀರು ಬಟ್ಟಿ ಇಳಿಸಿದ ನೀರಿನಂತೆ, ಅದರಲ್ಲಿ ಸಲ್ಫೇಟೂ ಇರದು, ಕ್ಲೋರೈಡೂ ಇರದು. ಸಲ್ಫೇಟ್ ಇಲ್ಲದ ಕಡೆ ಈ ಬ್ಯಾಕ್ಟೀರಿಯಾ ಉಸಿರಾಡುವುದು ಹೇಗೆ? ಹಾಗಾಗಿ ರಾಡಿ ಜೊತೆಗಿನ ನೀರಿನಲ್ಲಿ ಸಲ್ಫೇಟ್, ಕ್ಲೋರೈಡ್, ಕರಗಿದ ಕಬ್ಬಿಣ, ಮ್ಯಾಂಗನೀಸ್, ಅಸಿಟೇಟ್, ಗ್ಲೈಕಾಲ್ ಪ್ರಮಾಣ ಅಳೆಸಿ. ಕ್ಲೋರೈಡ್ ಜಾಸ್ತಿ ಇದ್ದರೆ ಗ್ಯಾಸ್ ಬಾವಿಯ ನೀರೇ ಸೆಪರೇಟರ್ (ಗ್ಯಾಸಿನಿಂದ ದ್ರವ ಬೇರ್ಪಡಿಸುವ ಪಾತ್ರೆ) ದಾಟಿ ಬರುತ್ತಿದೆ. ಕ್ಲೋರೈಡ್ ಕಡಿಮೆ, ಸಲ್ಫೇಟ್ ಇದೆ ಅಂದರೆ ಹಳೆಯ ಹೈಡ್ರೋಟೆಸ್ಟ್ (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆ) ನೀರು ಉಳಿದಿತ್ತೇ ಅಂತ ಹುಡುಕಿ. ಎರಡೂ ಇಲ್ಲದಿದ್ದರೆ ಆಮ್ಲ ಮಾಡುವ ಬ್ಯಾಕ್ಟೀರಿಯಾ ಮತ್ತು ಮೀಥೇನ್ ಮಾಡುವ ಆರ್ಕಿಯಾ (ಬ್ಯಾಕ್ಟೀರಿಯಾದಂಥ ಬೇರೆ ಸೂಕ್ಷ್ಮಜೀವಿ ಗುಂಪು) ಕಡೆ ನೋಡಬೇಕು, ಇವಕ್ಕೆ ಸಲ್ಫೇಟ್ ಬೇಡ. ಡಿಹೈಡ್ರೇಷನ್ ಘಟಕದಿಂದ ಹಾರಿ ಬಂದ ಗ್ಲೈಕಾಲ್ ದಟ್ಟವಾಗಿದ್ದಾಗ ಜೀವಿ ಬೆಳೆಯಲು ಬಿಡದು. ನೀರು ಸೇರಿ ತೆಳುವಾದರೆ ಅದೇ ಅವಕ್ಕೆ ಊಟ.

ಪಿಎಚ್ ಅನ್ನು ಸ್ಥಳದಲ್ಲೇ ಅಳೆಯಿರಿ. ಒತ್ತಡ ಇಳಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹಾರಿ ಪಿಎಚ್ ಏರುತ್ತದೆ. ಅಂದರೆ ಹೊರಗೆ ನೀವು ಓದಿದ್ದಕ್ಕಿಂತ ಪೈಪಿನೊಳಗಿನ ಪಿಎಚ್ ಕಡಿಮೆಯೇ ಇರುತ್ತದೆ.

ಬಾಟಲ್ ಪರೀಕ್ಷೆಯ ಬಗ್ಗೆ: 9 ಮಿ.ಲೀ. ದ್ರವ ಇರುವ ಬಾಟಲಿಗೆ 1 ಮಿ.ಲೀ. ಸ್ಯಾಂಪಲ್, ಕುಲುಕಿ ಅಲ್ಲಿಂದ 1 ಮಿ.ಲೀ. ಮುಂದಿನದಕ್ಕೆ, ಹೀಗೆ ಆರು. ಪ್ರತಿ ಬಾಟಲಿಗೂ ಹೊಸ ಸಿರಿಂಜ್. ಬಾಟಲಿಯ ಉಪ್ಪಿನ ಪ್ರಮಾಣ ನಿಮ್ಮ ನೀರಿಗೆ ಹೊಂದಬೇಕು. ಸಮುದ್ರದ ಉಪ್ಪಿನ ಬಾಟಲಿಗೆ ಸಿಹಿನೀರಿನ ಜೀವಿ ಹಾಕಿದರೆ ಸತ್ತುಹೋಗಿ ಸೊನ್ನೆ ತೋರಿಸುತ್ತದೆ. ಇಡುವ ಉಷ್ಣತೆ ಪೈಪಿನದೇ ಇರಲಿ. ಸಲ್ಫೇಟ್ ಬಾಟಲಿಯನ್ನು 28 ದಿನ, ಆಮ್ಲದ ಬಾಟಲಿಯನ್ನು 14 ದಿನ ನೋಡಬೇಕು. ಸಲ್ಫೈಡ್ ತುಂಬಿದ ರಾಡಿ ಹಾಕಿದರೆ ಮೊದಲ ಬಾಟಲಿ ಎರಡೇ ತಾಸಿನಲ್ಲಿ ಕಪ್ಪಾಗಿಬಿಡುತ್ತದೆ. ಅದು ಬೆಳವಣಿಗೆಯಲ್ಲ, ಸ್ಯಾಂಪಲಿನಲ್ಲಿದ್ದ ಸಲ್ಫೈಡ್. ಮೊದಲ ದಿನವೇ ಕಪ್ಪಾದವನ್ನು ಲೆಕ್ಕದಿಂದ ಬಿಟ್ಟು ಲ್ಯಾಬಿನವರು ಎಣಿಸಿದ್ದಾರಾ ಕೇಳಿ.

ಇಷ್ಟು ಮಾಡಿದರೂ ಬಾಟಲಿಯಲ್ಲಿ ಬೆಳೆಯುವುದು ಇರುವ ಜೀವಿಗಳ ಸಣ್ಣ ಪಾಲು. ಹಣ ಒದಗಿದರೆ ಡಿಎನ್‌ಎ ಪರೀಕ್ಷೆ ಮಾಡಿಸಿ: ಸಲ್ಫೇಟ್ ಇಳಿಸುವವಕ್ಕೆ ಡಿಎಸ್‌ಆರ್‌ಎ ಜೀನ್, ಮೀಥೇನ್ ಮಾಡುವವಕ್ಕೆ ಎಂಸಿಆರ್‌ಎ ಜೀನ್ ಎಣಿಸಲು ಹೇಳಿ. ಬೆಳೆಸುವ ಸ್ಯಾಂಪಲ್ ಐಸ್ ಮೇಲೆ, ಹೆಪ್ಪುಗಟ್ಟಿಸದೆ, 24 ತಾಸಿನೊಳಗೆ ಲ್ಯಾಬ್ ಸೇರಬೇಕು. ಡಿಎನ್‌ಎ ಸ್ಯಾಂಪಲನ್ನು ಬೇರೆ ಟ್ಯೂಬಿನಲ್ಲಿ ಹೆಪ್ಪುಗಟ್ಟಿಸಿ ಕಳಿಸಿ. ಎರಡನ್ನೂ ಅದಲುಬದಲು ಮಾಡಿದರೆ ಎರಡೂ ಹಾಳು.

---

ಬ್ರಷ್‌ಪಿಗ್:

ಔಷಧಿ ಪ್ರಶ್ನೆಗೆ ನಾನು. ಸರಬರಾಜುದಾರರನ್ನು ಮೊದಲು ಕೇಳಿ: 500 ಪಿಪಿಎಂ ಅಂದರೆ ಯಾವುದರ 500? ಗ್ಲುಟರಾಲ್ಡಿಹೈಡ್ ಶೇ 25ರ ದ್ರಾವಣವಾಗಿಯೂ ಬರುತ್ತದೆ, ಶೇ 50ರದ್ದೂ ಬರುತ್ತದೆ. ಶೇ 25ರ ಸರಕನ್ನು 500 ಪಿಪಿಎಂ ಹಾಕಿದರೆ ಅಸಲಿ ಔಷಧಿ 125 ಮಾತ್ರ.

ಆಮೇಲೆ ತಾಗುವ ಸಮಯ. ಗ್ಯಾಸ್ ಲೈನಿನಲ್ಲಿ ಔಷಧಿಯನ್ನು ಎರಡು ಪಿಗ್ಗುಗಳ ನಡುವೆ ತುಂಬಿ ತಳ್ಳಬೇಕು. ನಿಮ್ಮ ಪೈಪಿನ ಒಳಮೈ ಸುಮಾರು 44,500 ಚ.ಮೀ. ಅದರ ಮೇಲೆ 0.075 ಮಿ.ಮೀ. ಪದರ ಬಿಡಲು 3.3 ಘನ ಮೀಟರ್ ದ್ರವ ಬೇಕು. ಅಷ್ಟೇ ಹಾಕಿದರೆ ಪಿಗ್ಗುಗಳ ನಡುವಿನ ದ್ರವದ ಉದ್ದ 22 ಮೀಟರ್. ಈಗಿನ 1.5 ಮೀಟರ್ ವೇಗದಲ್ಲಿ ಅದು ಒಂದು ಗುಳಿಯ ಮೇಲೆ ಹಾದುಹೋಗಲು 15 ಸೆಕೆಂಡ್. ಲೋಳೆಪದರದೊಳಗಿನ ಜೀವಿ ಸಾಯಲು ತಾಸುಗಟ್ಟಲೆ ಬೇಕು, 15 ಸೆಕೆಂಡಿನಲ್ಲಿ ಮೇಲಿನ ಚರ್ಮವೂ ನೆನೆಯದು. ಸಾಲದ್ದಕ್ಕೆ ದಾರಿಯಲ್ಲೇ ಪದರವಾಗಿ ಅಂಟಿ ಖಾಲಿಯಾಗುವುದರಿಂದ 32ನೇ ಕಿ.ಮೀ. ತಲುಪುವಾಗ ಎರಡು ಪಿಗ್ಗೂ ಒಂದಕ್ಕೊಂದು ಡಿಕ್ಕಿ ಹೊಡೆದಿರುತ್ತವೆ.

10 ಘನ ಮೀಟರ್ ತುಂಬಿ, ಹರಿವು ಕಡಿಮೆ ಮಾಡಿ 0.5 ಮೀಟರ್ ವೇಗದಲ್ಲಿ ಓಡಿಸಿದರೆ ಆರಂಭದಲ್ಲಿ 130 ಸೆಕೆಂಡ್, ಕೊನೆಯಲ್ಲಿ 87 ಸೆಕೆಂಡ್ ತಾಗುತ್ತದೆ. ಇದೂ ಅಲ್ಪವೇ. ಆದ್ದರಿಂದ ಕೊಲ್ಲುವ ಕೆಲಸವನ್ನು ಔಷಧಿಗಿಂತ ಮೊದಲು ಬ್ರಷ್ ಮಾಡಬೇಕು.

ಕ್ರಮ ಹೀಗಿರಲಿ. ಮೊದಲು ಡಿಸ್ಕ್ ಪಿಗ್ಗಿನಿಂದ ನಿಂತ ದ್ರವ ಹೊರಗೆ. ಆಮೇಲೆ ಪೆನ್ಸಿಲ್ ಬ್ರಷ್ಷೂ ಆಯಸ್ಕಾಂತವೂ ಇರುವ ಪಿಗ್. ಗುಳಿಯ ಒಳಕ್ಕೆ ಇಳಿಯುವುದು ಸ್ಪ್ರಿಂಗ್ ಮೇಲೆ ಕೂತ ಪೆನ್ಸಿಲ್ ಬ್ರಷ್ ಮಾತ್ರ, ದುಂಡು ಬ್ರಷ್ ಗುಳಿಯ ಬಾಯಿ ಮುಚ್ಚಿ ಹೋಗುತ್ತದೆ. ಪ್ರತಿ ಓಟದ ಕಸವನ್ನು ತೂಗಿ ಬರೆಯಿರಿ. 14 ಕೆ.ಜಿ. ಇದ್ದದ್ದು ಮೂರು ಓಟದಲ್ಲಿ 1 ಕೆ.ಜಿ.ಗೆ ಇಳಿಯದಿದ್ದರೆ ಔಷಧಿಗೆ ಇನ್ನೂ ಸಮಯವಾಗಿಲ್ಲ. ಇಳಿದ ಮೇಲೆ, ಅದೇ ದಿನ ಅಥವಾ ಮಾರನೇ ದಿನ ಔಷಧಿ. ವಾರ ಬಿಟ್ಟರೆ ಲೋಳೆ ಮತ್ತೆ ಕಟ್ಟುತ್ತದೆ.

ಯಾವ ಔಷಧಿ? ರಾಡಿಯಲ್ಲಿ ಐರನ್ ಸಲ್ಫೈಡ್ ಇರುವುದರಿಂದ ನಾನಾದರೆ ಟಿಎಚ್‌ಪಿಎಸ್ ಕಡೆ ವಾಲುತ್ತೇನೆ; ಅದೂ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯೇ, ಜೊತೆಗೆ ಸಲ್ಫೈಡನ್ನೂ ಒಂದಿಷ್ಟು ಕರಗಿಸುತ್ತದೆ. ಗ್ಲುಟರಾಲ್ಡಿಹೈಡೇ ಬೇಕೆಂದರೆ ಎರಡು ವಿಷಯ ಗಮನಿಸಿ. ಆಮ್ಲಜನಕ ಹೀರಲು ಬಳಸುವ ಬೈಸಲ್ಫೈಟ್ ಅದನ್ನು ನಿಷ್ಕ್ರಿಯ ಮಾಡುತ್ತದೆ. ಅಮೀನ್ ಜಾತಿಯ ಕೆಲವು ತುಕ್ಕುನಿರೋಧಕಗಳೂ ಹಾಗೇ. ನಿಮ್ಮ ಲೈನಿನ ದ್ರವ, ತುಕ್ಕುನಿರೋಧಕ, ಔಷಧಿ ಮೂರನ್ನೂ ಗಾಜಿನ ಜಾಡಿಯಲ್ಲಿ ಬೆರೆಸಿ 24 ತಾಸು ಇಟ್ಟು ನೋಡಿ. ಗಸಿ ಕೂತರೆ ಅಥವಾ ಮೊಸರಿನ ಹಾಗೆ ಒಡೆದರೆ ಲೈನಿಗೆ ಹಾಕಬೇಡಿ.

ಬರೀ ನೀರಿನಲ್ಲಿ ಬೆರೆಸಿ ತಳ್ಳುವುದು ಬೇಡ. ನೀರೇ ಶತ್ರುವಾಗಿರುವ ಲೈನಿಗೆ 10,000 ಲೀಟರ್ ನೀರು ನಾವೇ ಕೊಟ್ಟ ಹಾಗಾಗುತ್ತದೆ. ಗ್ಲೈಕಾಲ್ ಅಥವಾ ಮೆಥನಾಲ್ ಬೆರೆತ ವಾಹಕ ಕೇಳಿ, ಹಿಂದೆಯೇ ಎರಡು ಫೋಮ್ ಪಿಗ್ ಕಳಿಸಿ ಒರೆಸಿ. ರಿಸೀವರಿಗೆ ಬಂದ ದ್ರವದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ಕಿಟ್ಟಿನಲ್ಲಿ ಅಳೆಯಿರಿ. ಸೊನ್ನೆ ಬಂದರೆ ಕೊನೆಯ ಕಿ.ಮೀ.ಗಳಿಗೆ ಔಷಧಿ ತಲುಪಿಯೇ ಇಲ್ಲ. ಆ ದ್ರವವನ್ನು ಚರಂಡಿಗೂ ಬಿಡಬೇಡಿ, ಪಕ್ಕದ ಗದ್ದೆಗೂ ಬಿಡಬೇಡಿ. ಟ್ಯಾಂಕರಿನಲ್ಲಿ ತುಂಬಿಸಿ ಸಂಸ್ಕರಣೆಗೇ ಕಳಿಸಬೇಕು.

---

ಗೋಡೆದಪ್ಪ:

ವರ್ಷಕ್ಕೆ 0.18 ಮಿ.ಮೀ. ಲೆಕ್ಕದ ಬಗ್ಗೆ. ಶೇ 18ರಿಂದ ಶೇ 31, ವ್ಯತ್ಯಾಸ 13. ಈ ಪಿಗ್ಗುಗಳ ಆಳದ ಅಳತೆಗೆ ಸಾಮಾನ್ಯವಾಗಿ ಹೇಳುವ ನಿಖರತೆ ಗೋಡೆಯ ಶೇ 10 ಹೆಚ್ಚು ಕಡಿಮೆ, ಅದೂ 100ರಲ್ಲಿ 80 ಸಲ. ಎರಡು ಓಟದ ತಪ್ಪು ಸೇರಿದರೆ ಶೇ 14. ನಿಮ್ಮ 13 ಆ ತಪ್ಪಿನ ಒಳಗೇ ಇದೆ. ಗುಳಿ ಒಂದಿಷ್ಟೂ ಬೆಳೆದಿಲ್ಲದಿರಬಹುದು, ಎರಡು ಪಟ್ಟು ಬೆಳೆದಿರಲೂಬಹುದು. ತಪಾಸಣೆ ಮಾಡಿದವರಿಂದ ಕೋಷ್ಟಕ ಮಾತ್ರವಲ್ಲ, ಎರಡೂ ಓಟದ ಕಚ್ಚಾ ಸಿಗ್ನಲ್ ಪಕ್ಕಪಕ್ಕ ಇಟ್ಟು ಹೋಲಿಸಿದ ವರದಿ ಕೇಳಿ.

ಸಣ್ಣ ಬಾಯಿಯ ಗುಳಿ ಇನ್ನೂ ಮೋಸ. ನಿಮ್ಮ ಗೋಡೆ 10 ಮಿ.ಮೀ.ಗಿಂತ ತೆಳು, ಹಾಗಾಗಿ ಬಾಯಿ 10 ಮಿ.ಮೀ.ಗಿಂತ ಚಿಕ್ಕದಾದದ್ದು ಸೂಜಿರಂಧ್ರದ ವರ್ಗಕ್ಕೆ ಸೇರುತ್ತದೆ, ಕಾಂತೀಯ ಪಿಗ್ ಅದರ ಆಳವನ್ನು ಕಡಿಮೆ ಹೇಳುವುದೇ ಹೆಚ್ಚು. ಗುಂಡಿ ತೋಡಿದಾಗ ಹೊರಗಿನಿಂದ ಅಲ್ಟ್ರಾಸಾನಿಕ್ ಫೇಸ್ಡ್ ಅರೇಯಲ್ಲಿ (ಹಲವು ಪ್ರೋಬ್ ಸಾಲಾಗಿ ಇರುವ ಸಾಧನ) 1 ಮಿ.ಮೀ. ಚೌಕದಲ್ಲಿ ಸ್ಕ್ಯಾನ್ ಮಾಡಿಸಿ. ಒಂಟಿ ಪ್ರೋಬ್ ಇಟ್ಟು ಅಲ್ಲಲ್ಲಿ ಅಳೆದರೆ ಬಟ್ಟಲಿನ ಓರೆ ಗೋಡೆಯಿಂದ ಸದ್ದು ವಾಪಸು ಬರದೆ ಪಕ್ಕದ ದಪ್ಪ ಗೋಡೆಯನ್ನೇ ತೋರಿಸುತ್ತದೆ.

ಸಿಡಿಯುವ ಭಯ ಎಷ್ಟು? ಮಾರ್ಪಡಿಸಿದ ಬಿ31ಜಿ (ಸವೆದ ಪೈಪು ಎಷ್ಟು ಒತ್ತಡ ತಡೆಯುತ್ತದೆ ಅಂತ ಹೇಳುವ ಸೂತ್ರ) ಹಾಕಿ ನೋಡಿದೆ. 40 ಮಿ.ಮೀ. ಉದ್ದ, ಶೇ 31 ಆಳದ ಗುಳಿಗೆ ವೈಫಲ್ಯದ ಒತ್ತಡ ಸುಮಾರು 143 ಬಾರ್. ಅದೇ ಉದ್ದ, ಆಳ ಶೇ 50 ಆದರೂ 137 ಬಾರ್. ಅಂದರೆ ಒಂಟಿ ಗುಳಿ ಸಿಡಿಸದು, ತೂತಾಗಿ ಸೋರಿಸುತ್ತದೆ. ಗುಳಿಗಳು ತಳದುದ್ದಕ್ಕೂ ಒಂದಕ್ಕೊಂದು ಕೂಡಿ 400 ಮಿ.ಮೀ. ಕಾಲುವೆಯಾದರೆ ಶೇ 50 ಆಳಕ್ಕೆ 94 ಬಾರಿಗೆ ಇಳಿಯುತ್ತದೆ. ಕಾರ್ಲ್ಸ್‌ಬ್ಯಾಡಿನಲ್ಲೂ ಕೂಡಿಕೊಂಡ ಗುಳಿಗಳೇ ಇದ್ದದ್ದು. ಹಾಗಾಗಿ ವರದಿಯಲ್ಲಿ ಅತಿ ಆಳದ ಗುಳಿಯ ಹಿಂದೆ ಮಾತ್ರ ಹೋಗಬೇಡಿ, ಯಾವ ಗುಳಿಗಳ ನಡುವಿನ ಅಂತರ ಕಡಿಮೆಯಾಗುತ್ತಿದೆ ಅಂತ ನೋಡಿ.

---

ರಿಸೀವರ್_ಬಾಗಿಲು:

ಎಲ್ಲರಿಗೂ ಕೃತಜ್ಞತೆ. 9.7 ಮತ್ತು 2.1 ಎರಡರಲ್ಲೂ ಗುಂಡಿಗೆ ಅನುಮತಿ ಕೇಳಿದ್ದೇನೆ, ಸಲ್ಫೇಟ್ ಮತ್ತು ಕ್ಲೋರೈಡ್ ಪರೀಕ್ಷೆಗೆ ನೀರು ಹೋಗಿದೆ. ಕಾಲುವೆ ದಾಟುವ 600 ಮೀಟರ್ ಬದಲಿಸಬೇಕಾಗಿ ಬಂದರೆ ಹೈಡ್ರೋಟೆಸ್ಟ್ ನೀರನ್ನು ಹೇಗೆ ನಿಭಾಯಿಸಬೇಕು? ಪಕ್ಕದ ಕಾಲುವೆಯಿಂದಲೇ ಎತ್ತುವ ಯೋಚನೆ ಇದೆ.

---

ಬ್ರಷ್‌ಪಿಗ್:

ಕಾಲುವೆ ನೀರು ಬೇಡ. ಅದರಲ್ಲಿ ಜೀವಿಯೂ ಇದೆ, ಗೊಬ್ಬರದ ಸಲ್ಫೇಟೂ ಇದೆ, ಹೂಳೂ ಇದೆ. ಹೂಳು ತಳದಲ್ಲಿ ಕೂತರೆ ಅದರಡಿಯಲ್ಲೇ ಮೊದಲ ಲೋಳೆ ಕಟ್ಟುವುದು. 600 ಮೀಟರಿಗೆ 92 ಘನ ಮೀಟರ್ ಆಯಿತು, ಹತ್ತು ಹನ್ನೆರಡು ಟ್ಯಾಂಕರ್ ಕುಡಿಯುವ ನೀರು ತರಿಸಿ, ಫಿಲ್ಟರ್ ಮೂಲಕ ತುಂಬಿ. ಪರೀಕ್ಷೆ ಮುಗಿದ ದಿನವೇ ನೀರು ತೆಗೆಯುವುದು ಖಚಿತವಿದ್ದರೆ ಔಷಧಿ ಹಾಕದೆ ಇರುವುದೇ ಒಳ್ಳೆಯದು, ನೀರು ಬಿಡಲೂ ಸುಲಭ. ವಾರಗಟ್ಟಲೆ ನಿಲ್ಲುವ ಹಾಗಿದ್ದರೆ ಮಾತ್ರ ಔಷಧಿ, ಅದೂ ತುಂಬಿಸುವಾಗಲೇ. ಪರೀಕ್ಷೆ ಮುಗಿಸಿ, ಬಿಲ್ ಪಾಸಾಗುವ ತನಕ ನೀರನ್ನು ಪೈಪಿನಲ್ಲೇ ಬಿಟ್ಟು ತಿಂಗಳುಗಳಾದ ಮೇಲೆ ಸೇವೆಗೆ ಸೇರಿಸಿದ ತುಂಡುಗಳು ಎಷ್ಟೋ ಕಡೆ ಗ್ಯಾಸ್ ಬರುವ ಮೊದಲೇ ಗುಳಿ ಬಿದ್ದಿರುತ್ತವೆ.

ನೀರು ತೆಗೆದ ಮೇಲೆ ಫೋಮ್ ಪಿಗ್ಗುಗಳನ್ನು ಒಣಗಿದಾಗ ತೂಗಿ, ಓಡಿಸಿ, ಮತ್ತೆ ತೂಗಿ. ತೂಕ ಏರುವುದು ನಿಂತ ಮೇಲೆ ಒಣ ಗಾಳಿ ಬಿಡಿ. ಹೊರಬರುವ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಲು ಶುರುವಾಗುವ ಉಷ್ಣತೆ) ಮೈನಸ್ 20 ಡಿಗ್ರಿ ಮುಟ್ಟಿದರೆ ಅಲ್ಲಿಗೇ ನಿಲ್ಲಿಸಬೇಡಿ, ಎರಡೂ ತುದಿ ಮುಚ್ಚಿ 24 ತಾಸು ಬಿಟ್ಟು ಮತ್ತೆ ಅಳೆಯಿರಿ. ಮೈನಸ್ 20 ಇದ್ದದ್ದು ಮೈನಸ್ 8ಕ್ಕೆ ಬಂದಿದ್ದರೆ ಎಲ್ಲೋ ನೀರು ಉಳಿದಿದೆ. ಹೆಚ್ಚಿನ ಸಲ ಅದು ಪೈಪಿನಲ್ಲಿ ಇರುವುದಿಲ್ಲ, ಬಾಲ್ ವಾಲ್ವಿನ ಹೊಟ್ಟೆಯಲ್ಲಿ ಇರುತ್ತದೆ. ವಾಲ್ವನ್ನು ತಯಾರಕರು ಹೇಳಿದ ಸ್ಥಿತಿಯಲ್ಲಿಟ್ಟು, ಕೆಳಗಿನ ಡ್ರೈನ್ ಪ್ಲಗ್ ತೆಗೆದು, ಹನಿ ನಿಲ್ಲುವ ತನಕ ಬಿಡಿ.